ಸಹಾಯ ಬೇಕು: 260 ನ್ಯಾನೋಮೀಟರ್‌ಗೆ ಯಾವ ಪ್ಲೇಟ್ ಒಳ್ಳೇದು?

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 40 ಡಿಎನ್‌ಎ ಸ್ಯಾಂಪಲ್‌ಗಳಿವೆ. ಪ್ರತಿಯೊಂದೂ 260 ನ್ಯಾನೋಮೀಟರ್ ತರಂಗಾಂತರದ ಯುವಿ (ಅತಿನೇರಳೆ) ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯಬೇಕು. ಇಷ್ಟು ದಿನ ಒಂದೇ ಕ್ವಾರ್ಟ್ಜ್ ಕುವೆಟ್ (ಸ್ಯಾಂಪಲ್ ತುಂಬಿಸಿ ಬೆಳಕು ಹಾಯಿಸುವ ಪುಟ್ಟ ಪಾತ್ರೆ) ತೊಳೆದು, ಒರೆಸಿ, ಮತ್ತೆ ತುಂಬಿಸುತ್ತಿದ್ದೆ. ಗೋಡೆಗೆ ಅಂಟಿದ ಒಂದು ಹನಿ ಉಳಿದರೂ ಮುಂದಿನ ರೀಡಿಂಗ್ ಕೆಡುತ್ತದೆ. ಅದಕ್ಕೇ 96 ಗುಂಡಿಗಳ (ಒಂದೊಂದರಲ್ಲೂ ಒಂದು ಸ್ಯಾಂಪಲ್ ಹಾಕುವ ಸಣ್ಣ ಕುಳಿಗಳ) ಪ್ಲೇಟ್‌ಗೆ ಹೋಗೋಣ ಅಂದುಕೊಂಡೆ.

ಸಾಮಾನ್ಯ ಪಾಲಿಸ್ಟೈರೀನ್ ಪ್ಲೇಟ್ ಹಾಕಿದೆ, ಖಾಲಿ ಗುಂಡಿಯೇ ದೊಡ್ಡ ರೀಡಿಂಗ್ ಕೊಟ್ಟಿತು. ಆ ಪ್ಲಾಸ್ಟಿಕ್ ಯುವಿ ಬೆಳಕನ್ನು ತಾನೇ ಹೀರುತ್ತದೆ, ಅಲ್ವಾ? ಹಾಗಾದರೆ ಯುವಿ ಹಾಯುವ ತಳದ ಪ್ಲೇಟ್ ಸಾಕಾ, ಕ್ವಾರ್ಟ್ಜ್ ಪ್ಲೇಟೇ ಬೇಕಾ? ಒಮ್ಮೆ ಬಳಸಿದ್ದನ್ನು ತೊಳೆದು ಮತ್ತೆ ಬಳಸಿದವರಿದ್ದೀರಾ?

ಇನ್ನೊಂದು ತಲೆನೋವು ಬೆಳಕಿನ ದಾರಿ, ಅಂದರೆ ಬೆಳಕು ದ್ರವದೊಳಗೆ ಸಾಗುವ ದೂರ. ಕುವೆಟ್‌ನಲ್ಲಿ ಅದು 1 ಸೆಂಟಿಮೀಟರ್. ಗುಂಡಿಯಲ್ಲಿ ಎಷ್ಟು ಹಾಕುತ್ತೇವೋ ಅದರ ಮೇಲೆ ಹೋಗುತ್ತದೆ, ಅಂಚಿನಲ್ಲಿ ದ್ರವ ಮೇಲೇರಿ ನಡುವೆ ತಗ್ಗಾಗುತ್ತದೆ ಬೇರೆ. ನೀರಿನ 977 ಮತ್ತು 900 ನ್ಯಾನೋಮೀಟರ್ ರೀಡಿಂಗ್‌ನಿಂದ ಈ ದೂರದ ವ್ಯತ್ಯಾಸ ಸರಿಪಡಿಸುವ ವಿಧಾನ ನೀವು ಮಾಡಿದ್ದರೆ ದಯವಿಟ್ಟು ಹೇಳಿ. ಸ್ಯಾಂಪಲ್ ತುಂಬಾ ಕಡಿಮೆ ಇದೆ, ಸುಮ್ನೆ ಹಾಳು ಮಾಡಲು ಮನಸ್ಸಿಲ್ಲ.