ಮಂಗಳೂರಿನ ತಾರಸಿಯಲ್ಲಿ ಟೊಮೆಟೊ ಹಸಿರಾಗಿರುವಾಗಲೇ ಬಾಡುತ್ತಿದೆ. ಮಳೆಗಾಲಕ್ಕೆ ಏನು ಹಾಕಬಹುದು?

ಹೊಸಬಾಡಿಗೆ:
ಬೆಂಗಳೂರಿನಿಂದ ಮಂಗಳೂರಿಗೆ ಬಂದಿದ್ದೇವೆ. ಬಾಡಿಗೆ ಮನೆ, ಮೇಲೆ ತಾರಸಿ. ಓನರ್ ಷರತ್ತು ಎರಡೇ: ಮೊಳೆ ಹೊಡೆಯಬಾರದು, ನೀರು ನಿಲ್ಲಬಾರದು. ಹಿತ್ತಲಿನ ಜಂಬಿಟ್ಟಿಗೆ ಮಣ್ಣಿಗೆ ಸಮಸಮ ಸಗಣಿ ಗೊಬ್ಬರ ಬೆರೆಸಿ 12×12 ಇಂಚಿನ ಗ್ರೋಬ್ಯಾಗಿಗೆ ತುಂಬಿದ್ದು. ಟೊಮೆಟೊ ಹೂ ಬಿಡುವ ಹೊತ್ತಿಗೆ ಮಧ್ಯಾಹ್ನ ಜೋತುಬಿದ್ದು ಮೂರ್ನಾಲ್ಕು ದಿನದಲ್ಲಿ ಸಾಯುತ್ತದೆ. ಎಲೆ ಹಳದಿಯಾಗುವುದೂ ಇಲ್ಲ. ನೀರು ಹೆಚ್ಚಿಸಿದರೂ ಅಷ್ಟೇ. ಬೀನ್ಸ್ ಹೂವೆಲ್ಲ ಉದುರುತ್ತಿದೆ. ಜೂನ್ ಹತ್ತಿರ ಬಂತು, ಏನು ಮಾಡಲಿ?

ಸುಡುಮಣ್ಣು:
ಇದು ನೀರಿನ ತೊಂದರೆಯಲ್ಲ, ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದ ಲಕ್ಷಣ. ಖಾತ್ರಿ ಮಾಡಿಕೊಳ್ಳಿ: ಬಾಡಿದ ಗಿಡದ ಬುಡದ ಹತ್ತಿರ ಎರಡು ಇಂಚು ಕಾಂಡ ಕತ್ತರಿಸಿ, ಕತ್ತರಿಸಿದ ತುದಿ ಮುಳುಗುವಂತೆ ಗಾಜಿನ ಲೋಟದ ತಿಳಿನೀರಿನಲ್ಲಿ ಅಲ್ಲಾಡದ ಹಾಗೆ ಹಿಡಿಯಿರಿ. ಐದು ನಿಮಿಷದೊಳಗೆ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದೇ ರೋಗ. ದುಂಡಾಣು ಕಾಂಡದ ನೀರಿನ ನಾಳಗಳನ್ನೇ ಕಟ್ಟುತ್ತದೆ, ಹಾಗಾಗಿ ಎಷ್ಟು ನೀರು ಹಾಕಿದರೂ ಎಲೆಗೆ ತಲುಪುವುದಿಲ್ಲ. ಕರಾವಳಿಯ ಬಿಸಿ, ತೇವ, ಹುಳಿ ಮಣ್ಣು ಮೂರೂ ಅದಕ್ಕೆ ಹಿತ. ಔಷಧಿ ಹೊಡೆದು ಗಿಡ ಉಳಿಸುವ ಆಸೆ ಬಿಡಿ. ಬೇರುಸಮೇತ ಕಿತ್ತು ಒಣಗಿಸಿ ಸುಟ್ಟುಬಿಡಿ, ಕಾಂಪೋಸ್ಟಿಗೆ ಹಾಕಬೇಡಿ.

ಟೊಮೆಟೊ ಬೇಕೇ ಬೇಕೆಂದರೆ ಅಕ್ಟೋಬರಿನಲ್ಲಿ, ಹೊಸ ಮಣ್ಣಿನಲ್ಲಿ, ಅರ್ಕಾ ರಕ್ಷಕ್ ಥರದ ಸೊರಗು ತಾಳುವ ತಳಿ ಹಾಕಿ. ಅದು ಹೈಬ್ರಿಡ್, ಬೀಜ ಎತ್ತಿಡಬೇಡಿ. ಬೇಸಿಗೆಗೆ ಎಳೆಯಬೇಡಿ, ಇಲ್ಲಿ ರಾತ್ರಿಯೂ ಸೆಕೆ ಇಳಿಯದ ಕಾರಣ ಕಾಯಿ ಕಟ್ಟದು. ಬೀನ್ಸಿನ ಹೂ ಉದುರುವುದೂ ಸೆಕೆಗೇ. ಅದರ ಜಾಗಕ್ಕೆ ಅಲಸಂಡೆ.

ಬಸಳೆಚಪ್ಪರ:
ಈಗಿನ ಪಟ್ಟಿ: ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆ, ಬಸಳೆ. ಮೇ ಕೊನೆಯ ವಾರವೇ ಬಿತ್ತಿ. ಜೋರುಮಳೆ ಹಿಡಿಯುವ ಮುನ್ನ ಗಿಡಕ್ಕೆ ನಾಲ್ಕೈದು ಎಲೆ ಇರಬೇಕು, ಇಲ್ಲದಿದ್ದರೆ ಮೊಳಕೆ ಕೊಳೆಯುತ್ತದೆ. ಬಸಳೆಗೆ ಬೀಜ ಕಾಯಬೇಡಿ. ನಾಲ್ಕು ಗೆಣ್ಣಿನ ಬಲಿತ ದಂಟು ತಂದು ಎರಡು ಗೆಣ್ಣು ಮಣ್ಣಿಗಿಳಿಸಿದರೆ ಸಾಕು. ಹರಿವೆ ಸೆಪ್ಟೆಂಬರಿಗೆ ಇರಲಿ, ಆಷಾಢದ ಮಳೆಗೆ ಎಲೆಯೆಲ್ಲ ಕೆಸರು.

ಬಿಡದೆ ಸುರಿಯುವ ದಿನ ಜೇನು ಬರುವುದಿಲ್ಲ, ಹೀರೆ, ಸೌತೆಯ ಮಿಡಿ ಹಳದಿಯಾಗಿ ಉದುರುತ್ತದೆ. ಗಂಡು ಹೂ ಕಿತ್ತು ದಳ ತೆಗೆದು, ಮಿಡಿಯಿರುವ ಹೆಣ್ಣು ಹೂವಿಗೆ ತಾಗಿಸಿ. ಹೊತ್ತು ಮುಖ್ಯ: ಸೌತೆ ಹೂ ಬೆಳಗ್ಗೆ ಅರಳಿದರೆ ಹೀರೆ ಅರಳುವುದು ಸಂಜೆ. ಬೆಳಗ್ಗೆ ಹೋಗಿ ಹೀರೆ ಹೂ ಹುಡುಕಿದರೆ ಬಾಡಿದ್ದೇ ಸಿಗುತ್ತದೆ.

ತಾರಸಿಕೆಲಸ:
ನಿಮ್ಮ ಮಿಶ್ರಣ ಮಳೆಗೆ ಗಟ್ಟಿಕಟ್ಟುತ್ತದೆ. ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಹಳೆ ಗೊಬ್ಬರ ಒಂದೊಂದು ಪಾಲು ಮಾಡಿ. ಹುಳಿ ತಗ್ಗಿಸಲು ಬ್ಯಾಗಿಗೆ ಸುಮಾರು 20 ಗ್ರಾಂ ಕೃಷಿ ಸುಣ್ಣ ಅಥವಾ ಡಾಲೊಮೈಟ್ (ಸುಣ್ಣದಂಥದೇ ಕಲ್ಲಿನ ಪುಡಿ), ವೀಳ್ಯದೆಲೆಗೆ ಹಚ್ಚುವ ಸುಣ್ಣವಲ್ಲ. ಸುಣ್ಣ ಮೊದಲು ಮಣ್ಣಿಗೆ ಬೆರೆಸಿ, ಹದಿನೈದು ದಿನ ಬಿಟ್ಟು ಗೊಬ್ಬರ ಸೇರಿಸಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ನೆನೆದ ಬ್ಯಾಗು 15ರಿಂದ 20 ಕೆಜಿ ತೂಗುತ್ತದೆ, ಹಾಗಾಗಿ ಚಾವಣಿಯ ನಡುವೆ ರಾಶಿ ಹಾಕದೆ ಗೋಡೆ, ಬೀಮ್ ಇರುವ ಸಾಲಿನಲ್ಲಿಡಿ. ಪ್ರತಿ ಬ್ಯಾಗಿನ ಕೆಳಗೆ ಎರಡೆರಡು ಇಟ್ಟಿಗೆ. ನೀರು ಹೋಗುವ ಪೈಪಿನ ಬಾಯಿಗೆ ಜಾಲರಿ ಹಾಕಿ ವಾರಕ್ಕೊಮ್ಮೆ ತೆಗೆದು ತೊಳೆಯಿರಿ, ಕೊಕೊಪೀಟ್ ಕಟ್ಟಿಕೊಂಡರೆ ಓನರ್ ಮೇಲೆ ಬರುವ ಮೊದಲೇ ಸೊಳ್ಳೆ ಬಂದಿರುತ್ತದೆ.

ಚಪ್ಪರಕ್ಕೆ ಮೊಳೆ ಬೇಕಿಲ್ಲ. 20 ಲೀಟರಿನ ಪೇಂಟ್ ಬಕೆಟ್ ನಾಲ್ಕು, ಪ್ರತಿಯೊಂದಕ್ಕೂ ಪಿವಿಸಿ ಪೈಪ್ ನಿಲ್ಲಿಸಿ ಕಾಂಕ್ರೀಟ್ ತುಂಬಿ, ಮೇಲೆ ನೈಲಾನ್ ಬಲೆ. ಎತ್ತರ ಐದಡಿ ಮೀರದಿರಲಿ, ಗಾಳಿಗೆ ಮಗುಚುತ್ತದೆ.

ಜೋರುಮಳೆಯಲ್ಲಿ ಗೊಬ್ಬರ ತೊಳೆದುಹೋಗುತ್ತದೆ. ಒಂದೇ ಸಲ ಸುರಿಯದೆ ಇಪ್ಪತ್ತು ದಿನಕ್ಕೊಮ್ಮೆ ಬ್ಯಾಗಿಗೆ 50 ಗ್ರಾಂ ಬೇವಿನ ಹಿಂಡಿ ಕೊಡಿ. ಕಡಲೆ ಹಿಂಡಿಗೆ ಇಲಿ, ಇರುವೆ ಬರುತ್ತವೆ.

ಹೊಸಬಾಡಿಗೆ:
ಲೋಟದಲ್ಲಿ ಬಿಳಿ ಎಳೆ ಇಳಿಯಿತು! ಆ ಮಣ್ಣನ್ನು ಎಸೆಯಲೇಬೇಕೇ?

ಸುಡುಮಣ್ಣು:
ಬೇಡ. ಆ ಬ್ಯಾಗಿನಲ್ಲಿ ಬೆಂಡೆ, ಅಲಸಂಡೆ ಹಾಕಿ. ಟೊಮೆಟೊ, ಬದನೆ, ಮೆಣಸಿನಕಾಯಿ ಮಾತ್ರ ಬೇಡ. ಅದರಿಂದ ಸೋರುವ ನೀರಿನಲ್ಲೂ ರೋಗ ಹರಡುತ್ತದೆ, ಆದ್ದರಿಂದ ಆ ಬ್ಯಾಗುಗಳನ್ನು ಪೈಪಿನ ಬಾಯಿಯ ಹತ್ತಿರ, ಇಳಿಜಾರಿನ ಕೊನೆಗೆ ಇಡಿ. ಕುರ್ಪಿಯನ್ನು ಸೋಪುನೀರಿನಲ್ಲಿ ತೊಳೆದೇ ಬೇರೆ ಬ್ಯಾಗಿಗೆ ಹಾಕಿ.