ಬ್ಯಾನರಿಗೆ ಬೇಕು: ಆರ್ಕೆಸ್ಟ್ರಾ ಅನ್ನೋದಕ್ಕೆ ಏನು ಬರೆಯೋಣ?

ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಮಡಿಕೇರಿಯಲ್ಲಿ ಚಾಪ್ಲಿನ್‌ನ 'ಸಿಟಿ ಲೈಟ್ಸ್' ತೋರಿಸುತ್ತಿದ್ದೇವೆ, ಪರದೆಯ ಮುಂದೆ 20 ಜನ ಕೂತು ಪಿಟೀಲು, ಕ್ಲಾರಿಯೊನೆಟ್, ತುತ್ತೂರಿ ಎಲ್ಲ ನುಡಿಸುತ್ತಾರೆ. 'ಮೂಕಿ ಚಿತ್ರ, ಜೊತೆಗೆ ಆರ್ಕೆಸ್ಟ್ರಾ' ಅಂತ ಬರೆದುಕೊಟ್ಟೆ. ಪ್ರಿಂಟಿಂಗ್ ಅಂಗಡಿ ಹುಡುಗ ಓದಿ, 'ಕನ್ನಡ ಹಾಡು ಜಾಸ್ತಿನಾ, ಹಿಂದಿನಾ ಸರ್?' ಅಂದ. ಅವನ ತಪ್ಪಲ್ಲ. ನಮ್ಮಲ್ಲಿ ಆರ್ಕೆಸ್ಟ್ರಾ ಅಂದರೆ ಗಣೇಶನ ಪೆಂಡಾಲಿಗೆ ಬರುವ ಸಿನಿಮಾ ಹಾಡಿನ ತಂಡ. 'ನೇರ ಸಂಗೀತ' ಅಂದರೆ ಟೀವಿ ನೆನಪಾಗುತ್ತದೆ. 'ವಾದ್ಯವೃಂದ'ಕ್ಕೆ ರೇಡಿಯೋ ವಾಸನೆ. ನನಗೆ ತೋಚಿದ್ದು 'ಹಿಮ್ಮೇಳ'. ಯಕ್ಷಗಾನದಲ್ಲಿ ಮುಮ್ಮೇಳ ಕುಣಿಯುತ್ತದೆ, ಹಿಮ್ಮೇಳ ನುಡಿಸುತ್ತದೆ. ಇಲ್ಲೂ ಅದೇ ಅಲ್ವಾ?

ಉತ್ತರ: ಬೇಡ. ಹಿಮ್ಮೇಳ ಅಂದರೆ ಹಿಂದಿನ ಮೇಳ, ನಕಾರ ಮಕಾರವಾಗಿದೆ ಅಷ್ಟೆ. ನಿಮ್ಮವರು ಕೂರುವುದು ಮುಂದೆ. 'ಮೂಕಿ'ಯೂ ತಪ್ಪು. ಸಿಟಿ ಲೈಟ್ಸ್ 1931ರದು, ಆಗಲೇ ಟಾಕಿ ಬಂದಾಗಿತ್ತು, ಚಾಪ್ಲಿನ್ ತಾನೇ ಸಂಗೀತ ಮಾಡಿ ಫಿಲ್ಮಿಗೇ ಸೇರಿಸಿದ್ದ. ಮೊದಲ ದೃಶ್ಯದಲ್ಲಿ ದೊಡ್ಡವರು ಭಾಷಣಕ್ಕೆ ಬಾಯಿ ತೆರೆದರೆ ಪೀಪಿ ಸದ್ದು ಬರುತ್ತದೆ. ಮೂಕತನ ಎಲ್ಲಿ ಬಂತು? ಸಾಲದ್ದಕ್ಕೆ 'ಮೂಕ' ಸಂಸ್ಕೃತ ಪದ. 'ಮಾತಿಲ್ಲದ ನಗೆಚಿತ್ರ' ಅನ್ನಿ.

ಇನ್ನೊಬ್ಬರ ಉತ್ತರ: 'ಚಿತ್ರ' ನಿಮ್ಮ ತೋಟದಲ್ಲಿ ಬೆಳೆದದ್ದಾ ಸ್ವಾಮಿ? ಅದೂ ಸಂಸ್ಕೃತವೇ. ಸುಮ್ನೆ ಮಡಿ ಮಾಡಬೇಡಿ. ಕನ್ನಡ ಸಿನಿಮಾಕ್ಕೆ ಮಾತು ಬಂದದ್ದು 1934ರ 'ಸತಿ ಸುಲೋಚನ'ದಲ್ಲಿ. ಟಾಕಿಗೆ ಪ್ರಾಸ ಕೂಡಿಸಿ ಮೂಕಿ ಅಂದವನಿಗೆ ಕೈ ಮುಗಿಯಬೇಕು. ಟಾಕೀಸನ್ನು ನುಂಗಿ ಜೀರ್ಣಿಸಿಕೊಂಡ ಭಾಷೆಗೆ ಆರ್ಕೆಸ್ಟ್ರಾ ಭಾರವಾಗುತ್ತಾ? ಬೇಡ ಅಂದರೆ ಕೊಡಗಿನಲ್ಲೇ 'ವಾಲಗ' ಇದೆಯಲ್ಲ, ಅದನ್ನೇ ಹಾಕಿ.

ಮೊದಲ ಉತ್ತರದವರು: ವಾಲಗಕ್ಕೂ ಪಿಟೀಲಿಗೂ ಏನು ಸಂಬಂಧ? ಈ ಚರ್ಚೆಯಿಂದ ನಾನು ಹೊರಗೆ.

ಕೇಳಿದವನು: ವಾಲಗ ಅಂತ ಹಾಕಿದರೆ ಜನ ಕೊಡವರ ಮದುವೆ ಅಂದುಕೊಂಡು ಕುಪ್ಯಚೇಲೆ ಉಡುಪು ತೊಟ್ಟು ಕುಣಿಯೋಕೆ ಬರುತ್ತಾರೆ, ಪಂದಿಕರಿ (ಹಂದಿ ಸಾರು) ಎಲ್ಲಿ ಅಂತ ಬೇರೆ ಕೇಳುತ್ತಾರೆ. ಹೊತ್ತಾಯಿತು, ಹೀಗೆ ಕಳಿಸಿಬಿಟ್ಟೆ: 'ಮೂಕಿ ನಗೆಚಿತ್ರ. ಪರದೆಯ ಮುಂದೆ ಕೂತು 20 ಮಂದಿ ವಾದ್ಯ ನುಡಿಸುತ್ತಾರೆ. ಹಾಡು ಇಲ್ಲ.' ಹುಡುಗ ಕೊನೆಯ ಎರಡು ಪದವನ್ನೇ ಎಲ್ಲಕ್ಕಿಂತ ದಪ್ಪ ಮಾಡಿದ್ದಾನೆ, ಕೆಂಪು ಬಣ್ಣ ಬೇರೆ.