ಕಿಡ್ನಿ ಕಸಿ ಆದ ಮೇಲೆ ಮಾತ್ರೆ ನಿಲ್ಲಿಸಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ

ಕೇಳಿದವರು, ದಾವಣಗೆರೆ:
ನನ್ನ ತಮ್ಮನಿಗೆ ಅಮ್ಮನ ಕಿಡ್ನಿ ಹಾಕಿ ಒಂದು ವರ್ಷ ದಾಟಿದೆ. ಕಿಡ್ನಿ ಕೆಟ್ಟರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಚೆನ್ನಾಗಿಯೇ ಇದೆ. ಆದರೆ ದೇಹ ಹೊಸ ಕಿಡ್ನಿಯ ಮೇಲೆ ದಾಳಿ ಮಾಡದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೋಲಿಮಸ್ ಮಾತ್ರೆಯಿಂದ ಕೈ ನಡುಗುತ್ತದೆ, ಶುಗರ್ ಬಂದಿದೆ, ಖರ್ಚು ಬೇರೆ. 2025ರ ನೊಬೆಲ್ ಬಹುಮಾನ ಇಮ್ಯೂನ್ ಟಾಲರೆನ್ಸ್ (ರೋಗನಿರೋಧಕ ವ್ಯವಸ್ಥೆ ದಾಳಿ ಮಾಡದೆ ಒಪ್ಪಿಕೊಳ್ಳುವುದು) ಬಗ್ಗೆ ಬಂತಲ್ಲ, ಅದನ್ನು ಓದಿದ ಮೇಲೆ ಅವನದು ಒಂದೇ ಹಟ: "ನನ್ನ ದೇಹ ಅಮ್ಮನ ಕಿಡ್ನಿಯನ್ನು ಒಪ್ಪಿಕೊಂಡಿದೆ, ಇನ್ನು ಮಾತ್ರೆ ಯಾಕೆ?" ಮನೆಗೆ ಬಂದವರು ಅಮೃತಬಳ್ಳಿ ಕಷಾಯ ಕೊಡಿ ಅನ್ನುತ್ತಾರೆ. ಇವನಿಗೆ ಹೇಗೆ ತಿಳಿಸಿ ಹೇಳಲಿ?

ಉತ್ತರ, ಕಿಡ್ನಿ ಪಡೆದವರು, ಮೈಸೂರು:
ಅಕ್ಕಾ, ಮೊದಲು ಆ ಕಷಾಯ ನಿಲ್ಲಿಸಿ. ಅಮೃತಬಳ್ಳಿ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದೇ ಅಲ್ವಾ ಕೊಡುವುದು? ನಮಗೆ ಆ ಶಕ್ತಿಯನ್ನು ತಗ್ಗಿಸಿ ಇಡಬೇಕು. ಕೊರೊನಾ ಸಮಯದಲ್ಲಿ ಅಮೃತಬಳ್ಳಿ ಕುಡಿದ ಕೆಲವರಿಗೆ ಲಿವರ್‌ಗೆ ಪೆಟ್ಟಾದದ್ದನ್ನು ಮುಂಬೈ ವೈದ್ಯರು ವರದಿ ಮಾಡಿದ್ದರು. ಪ್ರೀತಿಯಿಂದ ಕೊಡುತ್ತಾರೆ, ನಿಜ. ಆದರೂ ಬೇಡ ಎಂದು ಗಟ್ಟಿಯಾಗಿ ಹೇಳಿ.

ಕೈ ನಡುಕ ನನಗೂ ಇತ್ತು. ಸಹಿ ಮಾಡುವುದೂ ಕಷ್ಟವಾಗಿತ್ತು. ಡಾಕ್ಟರ್‌ಗೆ ಹೇಳಿದೆ. ರಕ್ತದಲ್ಲಿ ಔಷಧಿಯ ಲೆವೆಲ್ ನೋಡಿ, ಸ್ವಲ್ಪ ಸ್ವಲ್ಪವಾಗಿ ಡೋಸ್ ಇಳಿಸಿದರು. ಈಗ ನಡುಕ ತುಂಬಾ ಕಡಿಮೆ. ನಿಮ್ಮ ತಮ್ಮ ಸುಮ್ನೆ ಸಹಿಸಿಕೊಂಡು ಕೂತಿದ್ದರೆ ಮಾತ್ರೆಯ ಮೇಲೆ ಸಿಟ್ಟು ಬರುವುದು ಸಹಜ. ಮಾತ್ರೆ ಬಿಡುವುದಕ್ಕೂ ಡೋಸ್ ಇಳಿಸುವುದಕ್ಕೂ ತುಂಬಾ ವ್ಯತ್ಯಾಸವಿದೆ ಎಂದು ಅವನಿಗೆ ಹೇಳಿ.

ಉತ್ತರ, ಇಮ್ಯುನಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುವವರು, ಬೆಂಗಳೂರು:
ನಿಮ್ಮ ತಮ್ಮ ಓದಿದ್ದು ಸುಳ್ಳಲ್ಲ. ಅದನ್ನೇ ಮೊದಲು ಅವನಿಗೆ ಹೇಳಿ, ಆಮೇಲೆ ಉಳಿದದ್ದನ್ನು ಕೇಳಿಸಿಕೊಳ್ಳುತ್ತಾನೆ.

ಆ ನೊಬೆಲ್ ಬಂದದ್ದು ಜಪಾನಿನ ಶಿಮೊನ್ ಸಾಕಾಗುಚಿ, ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ. ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳಲ್ಲಿ ದಾಳಿಯನ್ನು ತಡೆಯುವುದಕ್ಕೆಂದೇ ಒಂದು ಗುಂಪಿದೆ ಎಂದು ಸಾಕಾಗುಚಿ 1995ರಲ್ಲಿ ತೋರಿಸಿದರು. ಅವುಗಳನ್ನು ಈಗ ಟಿ-ರೆಗ್ ಎನ್ನುತ್ತೇವೆ. 2001ರಲ್ಲಿ ಬ್ರಂಕೋ ಮತ್ತು ರಾಮ್ಸ್‌ಡೆಲ್ ಫಾಕ್ಸ್‌ಪಿ3 ಎಂಬ ಜೀನ್ ಕಂಡುಹಿಡಿದರು. ಅದು ಕೆಟ್ಟಿದ್ದ ಇಲಿಗಳಲ್ಲಿ ರೋಗನಿರೋಧಕ ಕೋಶಗಳು ಸ್ವಂತ ದೇಹದ ಮೇಲೇ ಬೀಳುತ್ತಿದ್ದವು. ಟಿ-ರೆಗ್ ರೂಪುಗೊಳ್ಳಲು ಇದೇ ಜೀನ್ ಬೇಕು ಎಂಬುದು 2003ರಲ್ಲಿ ಗೊತ್ತಾಯಿತು.

ಇದೆಲ್ಲ ನಮ್ಮ ದೇಹ ತನ್ನ ಮೇಲೆ ತಾನೇ ದಾಳಿ ಮಾಡದೆ ಇರುವುದರ ಬಗ್ಗೆ. ಬೇರೆಯವರ ಅಂಗ ಬಂದಾಗ ಲೆಕ್ಕ ಬೇರೆ. ಅಮ್ಮನ ಕಿಡ್ನಿ ನಮ್ಮದೇ ಅಲ್ವಾ ಅಂತ ನಿಮ್ಮ ತಮ್ಮನಿಗೆ ಅನಿಸುತ್ತಿರಬಹುದು. ದೇಹ ಹಾಗೆ ನೋಡುವುದಿಲ್ಲ. ಅದು ಗುರುತು ಹಿಡಿಯುವುದು ಕೋಶಗಳ ಮೇಲಿರುವ ಎಚ್‌ಎಲ್‌ಎ ಪ್ರೋಟೀನ್‌ಗಳಿಂದ. ಅವುಗಳಲ್ಲಿ ಅರ್ಧ ಅಮ್ಮನಿಂದ, ಇನ್ನರ್ಧ ಅಪ್ಪನಿಂದ ಬರುತ್ತವೆ. ಅಂದರೆ ಅಮ್ಮನ ಕಿಡ್ನಿಯಲ್ಲಿ ಇವನಿಗೆ ಬಾರದೇ ಇರುವ ಇನ್ನೊಂದು ಅರ್ಧವೂ ಇದೆ. ಅದು ಇವನ ಟಿ ಕೋಶಗಳಿಗೆ ಪರಕೀಯ. ಮಾತ್ರೆ ಇರುವವರೆಗೆ ಅವು ಸುಮ್ಮನಿರುತ್ತವೆ, ಅಷ್ಟೇ.

1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವರ ತಂಡ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು ಅವಳಿ ಅಣ್ಣತಮ್ಮಂದಿರ ನಡುವೆ. ತದ್ರೂಪಿ ಅವಳಿಗಳಾದ್ದರಿಂದ ರಿಜೆಕ್ಷನ್, ಅಂದರೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸುವ ಪ್ರಶ್ನೆಯೇ ಬರಲಿಲ್ಲ. ಕಿಡ್ನಿ ಪಡೆದ ರಿಚರ್ಡ್ ಹೆರಿಕ್ 8 ವರ್ಷ ಬದುಕಿದರು. ಅಮ್ಮ ಮತ್ತು ಮಗನ ನಡುವೆ ಆ ಹೊಂದಿಕೆ ಇರುವುದಿಲ್ಲ.

ಬೇರೆಯವರ ಅಂಗವನ್ನು ದೇಹಕ್ಕೆ ಒಪ್ಪಿಸಲು ಆಗುತ್ತದೆ ಎಂದು ಮೊದಲು ತೋರಿಸಿದ್ದು ಇಂಗ್ಲೆಂಡಿನ ಪೀಟರ್ ಮೆಡವರ್. ಎರಡನೇ ಮಹಾಯುದ್ಧದಲ್ಲಿ ಸುಟ್ಟಗಾಯದವರಿಗೆ ಚರ್ಮ ಕಸಿ ಮಾಡುವಾಗ ಒಂದು ವಿಷಯ ಅವರ ಕಣ್ಣಿಗೆ ಬಿತ್ತು. ಅದೇ ದಾನಿಯ ಚರ್ಮವನ್ನು ಎರಡನೇ ಸಲ ಹಾಕಿದರೆ ಇನ್ನೂ ಬೇಗ ಉದುರುತ್ತಿತ್ತು. ದೇಹ ನೆನಪಿಟ್ಟುಕೊಂಡಿತ್ತು! 1953ರಲ್ಲಿ ಬಿಲಿಂಗ್‌ಹ್ಯಾಮ್ ಮತ್ತು ಬ್ರೆಂಟ್ ಎಂಬ ಸಹೋದ್ಯೋಗಿಗಳ ಜೊತೆ ಸೇರಿ, ಇನ್ನೂ ಹುಟ್ಟದ ಇಲಿಮರಿಗಳಿಗೆ ಬೇರೆ ತಳಿಯ ಇಲಿಯ ಕೋಶ ಚುಚ್ಚಿದರು. ದೊಡ್ಡವಾದ ಮೇಲೆ ಅವುಗಳಲ್ಲಿ ಕೆಲವು ಆ ತಳಿಯ ಚರ್ಮವನ್ನು ಒಪ್ಪಿಕೊಂಡವು. ಕಂದು ಇಲಿಯ ಮೈಮೇಲೆ ಬಿಳಿ ಚರ್ಮ ಉಳಿಯಿತು. ಮೆಡವರ್ ಅವರಿಗೆ 1960ರಲ್ಲಿ, ಆಸ್ಟ್ರೇಲಿಯಾದ ವಿಜ್ಞಾನಿ ಬರ್ನೆಟ್ ಜೊತೆ, ನೊಬೆಲ್ ಬಂತು. ಆದರೆ ಅದು ಹುಟ್ಟುವ ಮುಂಚಿನ ಇಲಿ. ನೆನಪು ಬೆಳೆದಿರುವ ದೊಡ್ಡ ಮನುಷ್ಯನಲ್ಲಿ ಅದೇ ಕೆಲಸ ಮಾಡಲು ಇವತ್ತಿಗೂ ಒದ್ದಾಡುತ್ತಿದ್ದೇವೆ.

ಮನುಷ್ಯರಲ್ಲಿ ಮಾಡಿದ್ದಾರಾ? ಮಾಡಿದ್ದಾರೆ. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತಂಡ 2008ರಲ್ಲಿ 5 ಜನರ ವರದಿ ಪ್ರಕಟಿಸಿತು. ಅವರಿಗೆ ಕಿಡ್ನಿ ಜೊತೆಗೆ ಅದೇ ದಾನಿಯ ಅಸ್ಥಿಮಜ್ಜೆಯನ್ನೂ ಕೊಟ್ಟಿದ್ದರು. 4 ಜನರಿಗೆ ರಿಜೆಕ್ಷನ್ ತಡೆಯುವ ಎಲ್ಲ ಮಾತ್ರೆ ನಿಲ್ಲಿಸಲು ಸಾಧ್ಯವಾಯಿತು. ಒಬ್ಬರ ಕಿಡ್ನಿ ರಿಜೆಕ್ಷನ್‌ನಲ್ಲಿ ಹೋಯಿತು. ಮುಂದೆ ಈ ವಿಧಾನದಲ್ಲಿ ಕಸಿಯಾದ ಕೆಲವರಿಗೆ ಮತ್ತೆ ಮಾತ್ರೆ ಶುರು ಮಾಡಬೇಕಾಯಿತು. ಕಸಿಗೆ ಮುಂಚೆಯೇ ಅವರ ರೋಗನಿರೋಧಕ ವ್ಯವಸ್ಥೆಯನ್ನು ಬಲವಾದ ಔಷಧಿಗಳಿಂದ ಕುಗ್ಗಿಸಿದ್ದರು, ಆಮೇಲೆ ಹಂತಹಂತವಾಗಿ ಮಾತ್ರೆ ಇಳಿಸಿದ್ದರು. ನಿಮ್ಮ ತಮ್ಮನಿಗೆ ಇದ್ಯಾವುದೂ ಆಗಿಲ್ಲ. ಟಿ-ರೆಗ್ ಕೋಶಗಳನ್ನೇ ಬೆಳೆಸಿ ಕೊಡುವ ಪ್ರಯೋಗಗಳೂ ನಡೆದಿವೆ. 2020ರಲ್ಲಿ ವರದಿಯಾದ ಒನ್ ಸ್ಟಡಿ ಎಂಬ ಪ್ರಯೋಗದಲ್ಲಿ ಇಂಥ ಕೋಶ ಪಡೆದ ಹಲವರಿಗೆ ಮಾತ್ರೆಗಳನ್ನು ಕಡಿಮೆ ಮಾಡಲು ಆಯಿತು. ಪೂರ್ತಿ ಬಿಡಿಸಲಿಲ್ಲ.

ಲಿವರ್ ಕಸಿಯಾದವರಲ್ಲಿ ಕೆಲವರು ಡಾಕ್ಟರ್ ಕಣ್ಣೆದುರು ಮಾತ್ರೆ ಬಿಟ್ಟು ಚೆನ್ನಾಗಿರುವುದುಂಟು. ಕಿಡ್ನಿಯಲ್ಲಿ ಅದು ಬಹಳ ಅಪರೂಪ. ಇಂಥವರಿಗೆ ಬಿಡಬಹುದು ಎಂದು ಮೊದಲೇ ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇನ್ನೂ ಆಸ್ಪತ್ರೆಗೆ ಬಂದಿಲ್ಲ. ನನಗೆ ಹೆಚ್ಚು ಹೆದರಿಕೆ ಆಗುವುದು ಇಲ್ಲೇ. ಮಾತ್ರೆ ಬಿಟ್ಟ ಮರುದಿನ ಏನೂ ಆಗುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ಮೂತ್ರ ಸರಿಯಾಗಿಯೇ ಬರುತ್ತಿರುತ್ತದೆ. ಕ್ರಿಯಾಟಿನಿನ್ ಏರುವ ಹೊತ್ತಿಗೆ ಕಿಡ್ನಿಗೆ ಆಗಲೇ ಪೆಟ್ಟು ಬಿದ್ದಿರುತ್ತದೆ. ಇವನ ದೇಹ ಅಮ್ಮನ ಕಿಡ್ನಿಯ ಮೇಲೆ ಆ್ಯಂಟಿಬಾಡಿ ಮಾಡಿಕೊಂಡುಬಿಟ್ಟರೆ ಮುಂದೆ ಇನ್ನೊಂದು ಕಿಡ್ನಿಗೆ ಹೊಂದಿಕೆಯಾಗುವ ದಾನಿ ಸಿಗುವುದೂ ಕಷ್ಟ.

ಉತ್ತರ, ಹೆಂಡತಿಗೆ ಕಸಿಯಾಗಿದೆ, ಹುಬ್ಬಳ್ಳಿ:
ನಮ್ಮ ಮನೆಯವಳಿಗೆ ಟಿಬಿ ಬಂತು. ಕಸಿ ಮಾಡಿದ ಡಾಕ್ಟರ್‌ಗೆ ತಿಳಿಸದೆ ಬೇರೆ ಕಡೆ ರಿಫಾಂಪಿಸಿನ್ ಶುರು ಮಾಡಿದರು. ಅದು ಟ್ಯಾಕ್ರೋಲಿಮಸ್ ಅನ್ನು ದೇಹದಿಂದ ಬೇಗ ಹೊರಗೆ ಹಾಕುತ್ತದಂತೆ. ಮಾತ್ರೆ ಒಂದೂ ತಪ್ಪಿಸಿರಲಿಲ್ಲ, ಆದರೂ ಲೆವೆಲ್ ಪಾತಾಳಕ್ಕೆ ಇಳಿದು ರಿಜೆಕ್ಷನ್ ಶುರುವಾಯಿತು. ಬಯಾಪ್ಸಿ, ಸ್ಟೀರಾಯ್ಡ್ ಇಂಜೆಕ್ಷನ್, ಆಸ್ಪತ್ರೆ ವಾಸ. ಕಿಡ್ನಿ ಉಳಿಯಿತು, ಆದರೆ ಕ್ರಿಯಾಟಿನಿನ್ ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ. ಲೆವೆಲ್ ಇಳಿದದ್ದಕ್ಕೇ ಇಷ್ಟಾಯಿತು. ಮಾತ್ರೆಯನ್ನೇ ಬಿಟ್ಟರೆ ಏನಾದೀತು ಎಂದು ತಮ್ಮನಿಗೆ ಕೇಳಿ.

ಯಾವ ಡಾಕ್ಟರ್ ಹತ್ತಿರ ಹೋದರೂ ಕಸಿಯಾಗಿದೆ ಎಂಬ ಮಾತು ಮೊದಲು ಬರಲಿ. ಫಂಗಸ್‌ಗೆ ಕೊಡುವ ಫ್ಲುಕೋನಜೋಲ್ ಲೆವೆಲ್ ಏರಿಸುತ್ತದೆ. ಚಕ್ಕೋತ ಹಣ್ಣು ಬೇಡ, ಅದೂ ಏರಿಸುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್ ತರಬೇಡಿ. ಲೆವೆಲ್ ಪರೀಕ್ಷೆಗೆ ಬೆಳಗಿನ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಬೇಕು. ಖರ್ಚು ಜಾಸ್ತಿ ಆದರೆ ಕಡಿಮೆ ಬೆಲೆಯ ಬ್ರ್ಯಾಂಡ್ ಇದೆಯಾ ಎಂದು ಕಸಿ ಡಾಕ್ಟರನ್ನೇ ಕೇಳಿ. ಬ್ರ್ಯಾಂಡ್ ಬದಲಾದರೆ ಲೆವೆಲ್ ಮತ್ತೆ ನೋಡಲೇಬೇಕು. ಅಂಗಡಿಯವರು "ಎರಡೂ ಒಂದೇ" ಅಂದರೆ ಅಲ್ಲೇ ತಗೊಂಡು ಬರಬೇಡಿ.

ಉತ್ತರ, ಮಗನಿಗೆ ಕಿಡ್ನಿ ಕೊಟ್ಟ ತಾಯಿ, ತುಮಕೂರು:
ಎಲ್ಲರೂ ತಮ್ಮನ ಬಗ್ಗೆ ಹೇಳಿದ್ದಾರೆ ಮಗಳೇ, ನಿಮ್ಮ ಅಮ್ಮನನ್ನು ಮರೆಯಬೇಡಿ. ಕೊಟ್ಟವರಿಗೂ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಆಗಬೇಕು. ನಾನು ಮಗನ ಜೊತೆಯಲ್ಲೇ ಹೋಗಿ ಮಾಡಿಸಿಕೊಳ್ಳುತ್ತೇನೆ. ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಹೋಗಿ. ಮಾತ್ರೆಯ ಪ್ರಶ್ನೆಯನ್ನು ತಮ್ಮನೇ ಡಾಕ್ಟರ್ ಮುಂದೆ ಕೇಳಲಿ, ಅಮ್ಮ ಪಕ್ಕದಲ್ಲಿ ಕೂತಿರುವಾಗಲೇ ಕೇಳಲಿ.